ಏಳನೇ ನಂಬರಿನ ಮೀಟರು

ಸೆಪ್ಟೆಂಬರ್ 22, ಸೋಮವಾರ

ಕರೆಂಟ್ ಅಳೆಯುವ ಮೀಟರು ಹನ್ನೆರಡು. ಸೆಲ್ಲು ಬೇಕಾದದ್ದು ಇಪ್ಪತ್ನಾಲ್ಕು, ಇರುವುದು ಇಪ್ಪತ್ತಮೂರು. ಉಳಿದ ಒಂದು ಎಲ್ಲಿ ಅಂತ ಕೇಳಿದರೆ ಇಡೀ ಟ್ರೇನಿಂಗ್ ಸೆಂಟರಿಗೇ ಮರೆವು. ಆಫೀಸಿನ ಗೋಡೆ ಗಡಿಯಾರ ಮಾತ್ರ ಬಹಳ ಚುರುಕಾಗಿ ಓಡುತ್ತಿತ್ತು... ಕುರ್ಚಿ ಹತ್ತಿ ಅದರ ಸೆಲ್ಲು ಕಿತ್ತುಕೊಂಡೆ. ಪ್ರಿನ್ಸಿಪಾಲ್ ವೆಂಕಟೇಶ್ ಸರ್ ನೋಡಿ, ತಮ್ಮ ಕೈಗಡಿಯಾರ ಮುಚ್ಚಿಕೊಂಡರು.

ಅಕ್ಟೋಬರ್ ಎಂಟಕ್ಕೆ ಅಸೆಸ್‌ಮೆಂಟ್. ಗಣಿಗಳ ಎಲೆಕ್ಟ್ರಿಷಿಯನ್‌ಗಳು ಹನ್ನೆರಡು ಜನ ಬರುತ್ತಾರೆ. ಹೊರಗಿನ ಪರೀಕ್ಷಕರು ಅವರ ಕೈಕೆಲಸ ನೋಡಿ ಸಮರ್ಥ, ಅಸಮರ್ಥ ಅಂತ ಬರೆಯುತ್ತಾರೆ. ಒಬ್ಬರಿಗೆ ಒಂದು ಮೀಟರು. ಅಷ್ಟನ್ನೂ ಸಿದ್ಧ ಮಾಡುವವಳು ಈ ಸಲ ನಾನೊಬ್ಬಳೇ — ಹಳೇ ಇನ್‌ಸ್ಟ್ರಕ್ಟರ್ ಜೂನ್‌ನಲ್ಲೇ ರಿಟೈರ್ ಆದರು. ಬೀರುವಿನ ಕೀಲಿ ಈಗ ನನ್ನ ಹತ್ತಿರ. ಖುಷಿ. ಬೀಗ ಎರಡು ಸಲ ಎಳೆದು ನೋಡಿದೆ.

ಸೆಪ್ಟೆಂಬರ್ 24, ಬುಧವಾರ

ಹೆಸರಿನ ಪಟ್ಟಿ ಬಂತು. ನಾಲ್ಕನೆಯದು: ಜಂಬಯ್ಯ, ಯಶವಂತನಗರ ಗಣಿ. ನಮ್ಮಪ್ಪ!

ಒಂದೇ ಮನೆಯಲ್ಲಿ ಉಂಡು ಮಲಗುವ ಮನುಷ್ಯ, ಬಾಯಿ ಬಿಟ್ಟಿರಲಿಲ್ಲ. ಸಂಜೆ ಕಂಪನಿ ಬಸ್ಸಿಳಿದು ಬಂದ, ಬಚ್ಚಲಲ್ಲಿ ಕೆಂಪು ಧೂಳು ತೊಳೆದುಕೊಳ್ಳುತ್ತಿದ್ದ. ಕೇಳಿದೆ. ಹೇಳಿದರೆ ನೀನು ಕ್ಲಾಸ್ ತಗೋತೀಯಲ್ಲ ಅಂದ.

ಕಂಟ್ರಾಕ್ಟರನ ಹೊಸ ರೂಲ್ ಅಂತೆ. ದೀಪಾವಳಿ ಆದಮೇಲೆ ಸರ್ಟಿಫಿಕೇಟ್ ಇಲ್ಲದವರು ಗಣಿಯ ಸ್ವಿಚ್ಚುಗಳೆಲ್ಲ ಇರುವ ಪ್ಯಾನೆಲ್ ರೂಮಿನೊಳಗೆ ಕಾಲಿಡುವಂತಿಲ್ಲ. ಹೆಲ್ಪರ್ ಆಗಿ ವಯರು ಎಳೆಯಬೇಕು. ಇಪ್ಪತ್ತಾರು ವರ್ಷದಿಂದ ಆ ರೂಮಿನ ಕೀಲಿ ಅಪ್ಪನ ಉಡಿದಾರದಲ್ಲಿದೆ. ಅದನ್ನು ಬಿಚ್ಚಿ ಕೊಡಬೇಕು. ನಗುತ್ತಲೇ ಹೇಳಿದ, ಕೈ ಮಾತ್ರ ಸೊಂಟಕ್ಕೆ ಹೋಯಿತು. ನನಗೆ ನಗು ಬರಲಿಲ್ಲ.

ಸೆಪ್ಟೆಂಬರ್ 25

ಸರ್‌ಗೆ ಹೇಳಿಬಿಟ್ಟೆ, ನಾಲ್ಕನೆಯವರು ನಮ್ಮಪ್ಪ ಅಂತ. ಸರ್ ಕನ್ನಡಕ ಒರೆಸಿದರು. ಪರೀಕ್ಷೆಗೆ ಕೊಡುವ ಸ್ವಿಚ್‌ಬೋರ್ಡು ತಾವೇ ಕೂಡಿಸುತ್ತಾರಂತೆ, ನಾನು ಆ ರೂಮಿಗೆ ಹಣಿಕಿ ಹಾಕಬಾರದು. ನನ್ನದು ಬರೀ ಮೀಟರು. ಯಾರಿಗೆ ಯಾವುದು ಅನ್ನುವುದು ಚೀಟಿ ಎತ್ತಿ. ಸರಿ. ಸಮಾಧಾನವಾಯಿತು.

ಸೆಪ್ಟೆಂಬರ್ 28, ಭಾನುವಾರ

ಅಪ್ಪನಿಗೆ ಕ್ಲಾಸ್ ತಗೊಂಡೆ. ಮತ್ತೇನು.

ಅಪ್ಪನ ಆಯುಧ ಅಂದರೆ ಟೆಸ್ಟ್ ಲ್ಯಾಂಪು. ಒಂದು ಹೋಲ್ಡರು, ಒಂದು ಬಲ್ಬು, ಎರಡು ವಯರಿನ ಬಾಲ. ಉರಿದರೆ ಕರೆಂಟ್ ಇದೆ, ಉರಿಯದಿದ್ದರೆ ಇಲ್ಲ. ಪರೀಕ್ಷೆಯಲ್ಲಿ ಅದು ನಡೆಯುವುದಿಲ್ಲ, ಮೀಟರೇ ಬೇಕು. ಬಲ್ಬು ಸುಳ್ಳು ಹೇಳುವುದಿಲ್ಲ ಅಂತ ಅಪ್ಪನ ವಾದ. ಫ್ಯೂಸ್ ಹೋದ ಬಲ್ಬು ಏನು ಹೇಳುತ್ತದೆ ಅಂದೆ. ಬಲ್ಬು ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ.

ಕಲಿಸಿದ್ದು ಇಷ್ಟೇ. ಮೀಟರು ಸರಿ ಇದೆಯೇ ಅಂತ ಮೊದಲು ಕರೆಂಟ್ ಇರುವುದು ಗೊತ್ತಿರುವ ಕಡೆ ಹಚ್ಚಿ ನೋಡಬೇಕು. ಆಮೇಲೆ ಕೆಲಸದ ವಯರು. ಆಮೇಲೆ ತಿರುಗಿ ಮೊದಲಿನ ಕಡೆ. ಅಪ್ಪ ಮೂರು ಸಲವೂ ಮೊದಲನೆಯದನ್ನು ಹಾರಿಸಿ ನೇರವಾಗಿ ವಯರಿಗೇ ಹೋದ. ಅಮ್ಮ ಒಲೆಯ ಮುಂದಿನಿಂದ, "ಅನ್ನ ಬೆಂದೈತಿಲ್ಲೋ ಅಂತ ನಾ ಅಗುಳು ಹಿಚುಕ್ತೀನಿ. ನೀವು ಮೊದ್ಲು ಬೆರಳು ಹಿಚುಕ್ರಿ ಅಂತೀರಲ್ಲ," ಅಂದಳು. ಅದೇ ಸುಂಕಮ್ಮ, ಅದೇ, ಮೊದಲು ಬೆರಳೇ ಅಂದೆ. ತಾಯಿಯ ಹೆಸರು ಹಿಡಿದು ಕರೆದದ್ದಕ್ಕೆ ಸೌಟು ಬಂತು.

ಕೊನೆಗೆ ಅಪ್ಪ ಕೇಳಿದ, "ಮೀಟರಿನ ಮ್ಯಾಲೆ ನಿನ್ನ ಸಹಿ ಇರ್ತೈತಲ್ಲ. ಮತ್ಯಾಕ ಅದನ್ನ ಪರೀಕ್ಷೆ ಮಾಡ್ಲಿ?"

"ಮಗಳ ಸಹಿ ಇದ್ರೂ ನಂಬಬ್ಯಾಡ," ಅಂದೆ. ಭಾರೀ ತಿಳಿದವಳ ಹಾಗೆ.

ಸೆಪ್ಟೆಂಬರ್ 30

ಹನ್ನೆರಡನ್ನೂ ಪರೀಕ್ಷಿಸಿದೆ. ಎಲ್ಲವೂ ಸರಿಯಾಗಿ ಇನ್ನೂರ ಮೂವತ್ತು ವೋಲ್ಟಿನ ಆಸುಪಾಸು. ಒಂದೊಂದರ ಹಣೆಗೂ 'ಓಕೆ' ಸ್ಟಿಕ್ಕರ್, ಕೆಳಗೆ ಲಲಿತಾ ಅಂತ ಸಹಿ. ಏಳನೇ ನಂಬರಿನ ಮೇಲೆ ಸಹಿಯ ಬಾಲ ಸೊಟ್ಟಾಯಿತು. ಮನಸ್ಸಿಗೆ ಬರಲಿಲ್ಲ. ಅದರ ಕೆಳಗೆ ಇನ್ನೊಂದು ಸ್ಟಿಕ್ಕರ್ ಅಂಟಿಸಿ ಚಂದ ಮಾಡಿ ಇನ್ನೊಂದು ಸಹಿ. ಕೆಲಸ ಮುಗಿಯಿತು, ಎಂಟು ದಿನ ಮೊದಲೇ.

ಅಕ್ಟೋಬರ್ 1, ಆಯುಧಪೂಜೆ

ಗೇಟಿನ ಮುಂದೆ ಕುಂಬಳಕಾಯಿ. ಡ್ರಿಲ್ಲಿಂಗ್ ಮಷಿನ್ನಿಗೆ ಸೇವಂತಿಗೆ ಹಾರ. ಮೀಟರುಗಳನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಕೂರಿಸಿದೆವು, ಪಂಕ್ತಿ ಊಟಕ್ಕೆ ಕೂತವರ ಹಾಗೆ. ಆಯಾ ಹಂಪಮ್ಮ ಅರಿಶಿನ, ಕುಂಕುಮ ನೀರಲ್ಲಿ ಕಲಸಿ ಕೊಟ್ಟಳು. ನಾನೇ ಬೊಟ್ಟಿಟ್ಟೆ. ಏಳನೇ ನಂಬರಿಗೆ ಹಣೆಯಲ್ಲಿ ಜಾಗ ಇಲ್ಲ, ಎರಡು ಸ್ಟಿಕ್ಕರ್! ಕೆಳಗೆ ವಯರು ಸಿಕ್ಕಿಸುವ ಕಪ್ಪು ತೂತು, ದುಂಡಗೆ, ಬೊಟ್ಟಿಗೇ ಮಾಡಿಸಿದ ಹಾಗಿತ್ತು. ಅಲ್ಲೇ ಇಟ್ಟೆ, ಧಾರಾಳವಾಗಿ. ಫೋಟೋ ತೆಗೆದೆ. ಸಾಯಂಕಾಲ ಬಟ್ಟೆಯಲ್ಲಿ ಒರೆಸಿ ಬೀರುವಿಗೆ ಬೀಗ.

ಅಕ್ಟೋಬರ್ 7

ವಯರು ಜೋಡಿಸಿ ಎಲ್ಲ ಡಬ್ಬಿಗೆ ಹಾಕಿದೆ. ಇನ್ನೊಮ್ಮೆ ಪರೀಕ್ಷಿಸಲೇ ಅಂದುಕೊಂಡೆ... ಸ್ಟಿಕ್ಕರ್ ಇದೆಯಲ್ಲ. ಕೂತು ಚೀಟಿ ಬರೆದೆ.

ಅಪ್ಪ ನಾಲ್ಕು ರೊಟ್ಟಿ ತಿಂದ. ದಿನಾ ಎರಡು. ಹೆದರಿದಾಗ ಹಿಂಗ ಅನ್ನುತ್ತಾಳೆ ಅಮ್ಮ.

ಅಕ್ಟೋಬರ್ 8, ಮಧ್ಯಾಹ್ನ 3.30, ಸ್ಟೋರ್ ರೂಮು

ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಬರೆದರೆ ಹಗುರಾಗಬಹುದು.

ಪರೀಕ್ಷಕರು ಮಾಲತೇಶ್ ಅಂತ. ಮೆತ್ತಗಿನ ಮಾತು, ಗಟ್ಟಿ ಪೆನ್ನು. ನಮ್ಮಂಥವರು ಹಳದಿ ಗೆರೆಯ ಹಿಂದೆ ನಿಲ್ಲಬೇಕು, ಮಾತಾಡಬಾರದು. ಅಪ್ಪ ಚೀಟಿ ಎತ್ತಿದ — ಏಳು. ಒಳ್ಳೆಯದೇ ಆಯಿತು, ಎರಡು ಸಹಿಯ ಮೀಟರು ಅಂದುಕೊಂಡೆ.

ಕೆಟ್ಟ ಸಾಕೆಟ್ ಇರುವ ಬೋರ್ಡು. ಸಪ್ಲೈ ತೆಗೆದು, ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ರಿಪೇರಿ ಮಾಡಬೇಕು. ಅಪ್ಪ ಮೀಟರು ಎತ್ತಿ ನನ್ನ ಸಹಿ ನೋಡಿದ. ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕ. ಸ್ವಿಚ್ ಆಫ್ ಮಾಡಿ ನೇರವಾಗಿ ಬೋರ್ಡಿಗೆ ಹೋದ. ಮೊದಲನೆಯದನ್ನು ಹಾರಿಸಿದ, ಮನೆಯಲ್ಲಿ ಮಾಡಿದ ಹಾಗೇ.

ಆಗ ನನಗೆ ಕಂಡಿತು. ಕಪ್ಪು ವಯರಿನ ಬುಡದ ಸುತ್ತ ಒಣಗಿದ ಕೆಂಪು ಉಂಗುರ. ಕುಂಕುಮ ಒಳಗೆ ಗಟ್ಟಿಯಾಗಿದೆ. ವಯರು ಕೂತಂತೆ ಕಂಡರೂ ತಾಗಿಲ್ಲ. ಮೀಟರು ಎಲ್ಲಿ ಹಚ್ಚಿದರೂ ಸೊನ್ನೆಯೇ ತೋರಿಸುತ್ತದೆ. ಬಾಯಿ ತೆರೆದೆ. ಮಾಲತೇಶ್ ಸರ್ ನನ್ನ ಕಡೆ ನೋಡಿದರು. ಮುಚ್ಚಿದೆ. ಕೂಗಿದರೆ ಅಪ್ಪನ ಪರೀಕ್ಷೆ ಅಲ್ಲಿಗೇ ಮುಗಿಯುತ್ತಿತ್ತು. ಬೋರ್ಡಿಗೆ ಶಾಕ್ ಹೊಡೆದ ಕೂಡಲೇ ಕರೆಂಟ್ ಕಡಿಯುವ ಟ್ರಿಪ್ಪರ್ ಇದೆ, ಜೀವಕ್ಕೆ ಅಪಾಯವಿಲ್ಲ ಅಂತ ಗೊತ್ತು. ಗೊತ್ತಿದ್ದರೇನು, ಎದೆ ಕೇಳಬೇಕಲ್ಲ.

ಅಪ್ಪನ ಕೈ ವಯರಿಗೆ ಗೇಣು ದೂರದಲ್ಲಿ ನಿಂತಿತು. ಯಾಕೋ ಗೊತ್ತಿಲ್ಲ. ಇನ್ನೊಂದು ಕೈ ಸೊಂಟದ ಕೀಲಿ ಮುಟ್ಟಿತು. ತಿರುಗಿದ. ಗೋಡೆಯ ಸಾಕೆಟ್ಟಿಗೆ ಹೋದ — ಪಕ್ಕದಲ್ಲೇ ಇಂಡಿಕೇಟರ್ ಉರಿಯುತ್ತಿತ್ತು. ಮೀಟರು ಹಚ್ಚಿದ. ಸೊನ್ನೆ. ವಯರು ಕಿತ್ತು ತೂತು ನೋಡಿದ, ಮೂಗಿಗೆ ಹಿಡಿದ. ಆಮೇಲೆ ನನ್ನನ್ನು ನೋಡಿದ. ಈ ಸಲ ನಗಲಿಲ್ಲ.

"ಸರ್, ಈ ಮೀಟರು ನಂಬಾಕ ಬರಂಗಿಲ್ಲ. ತೂತಿನ್ಯಾಗ ಕುಂಕುಮ ಕುಂತೈತಿ. ಬ್ಯಾರೆ ಕೊಡ್ರಿ."

ಓಕೆ ಅಂತ ಎರಡು ಸಹಿ ಇದೆಯಲ್ಲ, ಯಾರದು ಅಂತ ಕೇಳಿದರು ಮಾಲತೇಶ್ ಸರ್.

"ನನ್ನ ಮಗಳದು ಸರ್. ನಂಬಬ್ಯಾಡ ಅಂತ ಆಕಿನ ಹೇಳ್ಯಾಳ."

ಬೇರೆ ಮೀಟರು ಕೊಟ್ಟರು. ಗೋಡೆಗೆ ಹಚ್ಚಿ ನೋಡಿ, ಬೋರ್ಡಿಗೆ ಹೋದ. ಸ್ವಿಚ್ ಆಫ್ ಆಗಿದ್ದರೂ ಒಂದು ವಯರಿನಲ್ಲಿ ಕರೆಂಟ್ ಉಳಿದಿತ್ತು, ವೆಂಕಟೇಶ್ ಸರ್ ಬೇಕೆಂದೇ ಇಟ್ಟದ್ದು. ಏಳನೇ ನಂಬರಾಗಿದ್ದರೆ ಅಲ್ಲೂ ಸೊನ್ನೆ ಅನ್ನುತ್ತಿತ್ತು. ಅಪ್ಪ ಮುಟ್ಟುತ್ತಿದ್ದ.

ಮಾಲತೇಶ್ ಸರ್ ಷರಾ ಕಾಲಮ್ಮಿನಲ್ಲಿ ನನ್ನ ಹೆಸರು ಬರೆದುಕೊಂಡರು. ಅದಕ್ಕೆ ಅಳುತ್ತಿಲ್ಲ.

ಅಕ್ಟೋಬರ್ 13

ಐದು ದಿನ ಬರೆದಿಲ್ಲ. ನಾಚಿಕೆ.

ವೆಂಕಟೇಶ್ ಸರ್ ಮೊದಲು ಚಹಾ ಕುಡಿಸಿ ಆಮೇಲೆ ಬೈದರು. ಬೀರುವಿನ ಕೀಲಿ ಮುಂದಿಟ್ಟೆ. ವಾಪಸ್ ತಳ್ಳಿದರು, ಮೊದಲು ಹೊಸ ಚೆಕ್‌ಲಿಸ್ಟ್ ಬರಿ ಅಂದರು. ಬರೆದೆ. ಒಂಬತ್ತನೇ ಸಾಲು: ಪೂಜೆಯ ನಂತರ ಎಲ್ಲ ಮೀಟರನ್ನೂ ಮತ್ತೆ ಪರೀಕ್ಷಿಸುವುದು. ಮಾಲತೇಶ್ ಸರ್ ಫೋನ್ ಮಾಡಿ ಆ ಹಾಳೆಯ ಫೋಟೋ ತರಿಸಿಕೊಂಡರಂತೆ. ಅವರ ಕಡೆ ಹೋದ ವರ್ಷ ಸ್ವಿಚ್ಚಿನೊಳಗೆ ಅಕ್ಷತೆ ಸಿಕ್ಕಿತ್ತಂತೆ. ಸ್ವಲ್ಪ ಜೀವ ಬಂತು.

ಹಂಪಮ್ಮನಿಗೆ ಮಾತ್ರ ಸಿಟ್ಟು. ಎಲ್ಲರೂ ಅವಳ ಕುಂಕುಮವನ್ನೇ ಅನ್ನುತ್ತಿದ್ದಾರಲ್ಲ. "ಬೊಟ್ಟು ಹಣಿಗಿ ಇಡ್ತಾರ. ಬಾಯಾಗ ಇಡ್ತಾರೇನವ್ವ?" ಅಂದಳು.

ಅಕ್ಟೋಬರ್ 17, ಶುಕ್ರವಾರ

ರಿಸಲ್ಟ್. ಜಂಬಯ್ಯ — ಸಮರ್ಥ.

ಮೂರು ಸಲ ಓದಿದೆ. ಮೊದಲು ಗೊತ್ತಿರುವ ಸಾಲು, ಆಮೇಲೆ ಅಪ್ಪನ ಸಾಲು, ತಿರುಗಿ ಗೊತ್ತಿರುವ ಸಾಲು. ಹನ್ನೆರಡರಲ್ಲಿ ಒಂಬತ್ತು ಜನ ಪಾಸು.

ಅಪ್ಪ ಬರುವಾಗ ಮಂಡಕ್ಕಿ ವಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡು ಬಂದ. ಚಿತ್ತವಾಡ್ಗಿಯ ನಮ್ಮ ಓಣಿಗೆಲ್ಲ ಹಂಚಿದಳು ಅಮ್ಮ. ಕೇಳಿಯೇ ಬಿಟ್ಟೆ, ಸೆಲ್ಲು ಹೋಗಿದೆ ಅಂದಿದ್ದರೆ ನಡೆಯುತ್ತಿತ್ತಲ್ಲ, ನನ್ನ ಹೆಸರು ಯಾಕೆ ಹೇಳಿದೆ ಅಂತ. ಸೆಲ್ಲು ಅಂದಿದ್ದರೆ ಸೆಲ್ಲು ಬದಲಾಯಿಸಿ ಅದನ್ನೇ ಇನ್ನೊಬ್ಬನ ಕೈಗೆ ಕೊಡುತ್ತಿದ್ದಿರಿ ಅಂದ. ತೊಟ್ಟು ಕಿತ್ತ ಮಿರ್ಚಿ ನನ್ನ ತಟ್ಟೆಗೆ ಹಾಕಿದ. ನಮ್ಮಪ್ಪನ ಮೇಲೆ ಇಷ್ಟು ಪ್ರೀತಿ ಬಂದದ್ದು ನೆನಪಿಲ್ಲ.

ಅಕ್ಟೋಬರ್ 21, ಅಮಾವಾಸ್ಯೆ, ಸಂಜೆ 6

ಅಪ್ಪನಿಗೆ ಕಂಪನಿಯಿಂದ ಹೊಸ ಮೀಟರು. ಲಕ್ಷ್ಮೀಪೂಜೆಗೆ ಮನೆಗೆ ತಂದಿದ್ದಾನೆ. ಕೀಲಿ ಉಡಿದಾರದಲ್ಲೇ ಇದೆ.

ಅಪ್ಪನ ಗಣಿ ಹೆಲ್ಮೆಟ್ ಒರೆಸಿಡೋಣ ಅಂತ ತಿರುವಿದೆ. ಒಳಗೆ ಎರಡು ಸ್ಟಿಕ್ಕರ್. ಓಕೆ, ಲಲಿತಾ. ಓಕೆ, ಲಲಿತಾ. ಒಂದರ ಬಾಲ ಸೊಟ್ಟ. ವೆಂಕಟೇಶ್ ಸರ್ ಹತ್ತಿರ ಯಾವಾಗ ಕೇಳಿ ಇಸಿದುಕೊಂಡನೋ. ತಪ್ಪು ಸಹಿ ಯಾಕೆ ಇಟ್ಟುಕೊಂಡೀ ಅಂದೆ.

"ದಿನಾ ತಲಿಗೆ ಹಾಕ್ಕೊಳ್ಳೋ ಮುಂದ ಕಾಣ್ತೈತಿ. ಮೊದ್ಲು ಗ್ವಾಡಿಗೆ ಹೋಗ್ತೀನಿ."

ಕಣ್ಣು ತುಂಬಿತು. ಹೆಲ್ಮೆಟ್ ಒರೆಸುತ್ತಲೇ ಇದ್ದೆ, ಸಾಕು ಬಿಡು, ಹೊಳೆಯುತ್ತಿದೆ ಅಂದ.

ಅಮ್ಮ ಕುಂಕುಮದ ಬಟ್ಟಲು ಹಿಡಿದು ಬಂದಳು. ಹೊಸ ಮೀಟರಿಗೆ ತಾನೇ ಬೊಟ್ಟಿಡುತ್ತಾಳಂತೆ. ಅಪ್ಪ ತೂತುಗಳ ಮೇಲೆ ಎರಡೂ ಹೆಬ್ಬೆರಳು ಒತ್ತಿ ನಿಂತಿದ್ದಾನೆ, ಬಿಡುತ್ತಿಲ್ಲ. ಲಲ್ಲೀ, ಜಲ್ದಿ ಬಾ, ನಿಮ್ಮವ್ವಗ ಒಂಬತ್ತನೇ ಸಾಲು ಓದಿ ಹೇಳು ಅಂತ ಕೂಗುತ್ತಿದ್ದಾನೆ. ಅವಳು ಬೆರಳು ಅದ್ದಿಯೇ ಬಿಟ್ಟಳು. ಹೋಗದಿದ್ದರೆ ಇಬ್ಬರೂ ಸೇರಿ —