ಏಳನೆಯ ಚೌಕ

ಜೂನ್ 3, ಸೋಮವಾರ

ಆರನೆಯ ಚೌಕದ ಚಿತ್ರ ಒರೆಸಿ ಮುಗಿಯಿತು. ಎಂಬತ್ತು ವರ್ಷದ ಮೇಣದ ಹೊಗೆ, ಮೂರು ಬುಟ್ಟಿ ಹತ್ತಿ. ಆದಾಮನ ಮೂಗು ಈಗ ಮೂಗಿನಂತೆ ಕಾಣುತ್ತದೆ. ನನ್ನ ಕತ್ತು ಹಿಡಿದುಕೊಂಡಿದೆ.

ಚರ್ಚಿನ ಪೀಠದ ಹಿಂದಿನ ಗೋಡೆಯಲ್ಲಿ ಸೃಷ್ಟಿಯ ಏಳು ದಿನಕ್ಕೆ ಏಳು ಚೌಕ. ಬೆಳಕು, ಆಕಾಶ, ಗಿಡಮರ... ಹೀಗೆ ಮನುಷ್ಯನವರೆಗೆ. ಪ್ರತಿಯೊಂದರ ಮೂಲೆಯಲ್ಲೂ ಒಂದು ಕಣ್ಣು — ಮಾಡಿದ್ದನ್ನು ನೋಡಿ, ಒಳ್ಳೆಯದಾಗಿದೆ ಅನ್ನುವ ಕಣ್ಣು. ಎದುರು ಗೋಡೆಯಲ್ಲಿ, ದೊಡ್ಡ ಬಾಗಿಲ ಮೇಲೆ, ಕಡೇ ತೀರ್ಪು. ಅಲ್ಲೂ ಅದೇ ಕಣ್ಣು. ಸತ್ತವರು ಎದ್ದು ಸಾಲಾಗಿ ನಿಂತಿದ್ದಾರೆ, ಒಬ್ಬೊಬ್ಬರ ಕೈಯಲ್ಲೂ ತಾವು ಮಾಡಿದ್ದು: ಮಡಕೆ, ಬಟ್ಟೆ, ಕುರ್ಚಿ. ಬರೆದವನ ಹೆಸರು ಎಲ್ಲೂ ಇಲ್ಲ.

ಏಳನೆಯ ಚೌಕ ಖಾಲಿ. ಬರೀ ಬಿಳಿ. ಬಣ್ಣ ಉದುರಿಹೋಗಿದೆ, ತುಂಬಿಸಿಕೊಡಿ ಅಂದಿದ್ದಾರೆ ಫಾದರ್.

ಜೂನ್ 6, ಗುರುವಾರ

ಚರ್ಚು ಗುಡಿಸುವ ಅಜ್ಜಿ ನಾನು ಹತ್ತಿದ್ದ ಸಾರುವೆಯ ಕೆಳಗೆ ನಿಂತು ಕೇಳಿದಳು, "ಅದನ್ನೂ ಮುಟ್ತೀರಾ?"

"ಬಣ್ಣ ಹೋಗಿದೆ ಅಜ್ಜಿ. ಹಾಕ್ಬೇಕಲ್ಲ."

"ನಾನು ಮದುವೆಯಾಗಿ ಬಂದಾಗ್ಲೂ ಹಾಗೇ ಇತ್ತು. ಏಳನೇ ದಿನ ದೇವ್ರು ಏನೂ ಮಾಡ್ದೆ ಸುಮ್ನೆ ಕೂತಿದ್ನಂತೆ, ಅದಕ್ಕೇ ಖಾಲಿ ಬಿಟ್ಟಿದಾರೆ ಅಂತಿದ್ರು ನಮ್ಮತ್ತೆ. ನಾವೂ ಬಂದು ಸುಮ್ನೆ ಕೂರ್ಲಿ ಅಂತ."

"ನೀವು ನಿಮ್ಮ ಪೊರಕೆ ನೋಡ್ಕೊಳ್ಳಿ. ಇದು ನನ್ನ ಕೆಲಸ."

ಮುಖ ಸಣ್ಣದು ಮಾಡಿಕೊಂಡು ಹೋದಳು. ಆರಾಧನೆಯ ಹೊತ್ತಿನಲ್ಲಿ ಮೊದಲ ಬೆಂಚಿನಲ್ಲಿ, ಆ ಬಿಳಿ ಚೌಕದ ನೇರಕ್ಕೇ ಕೂರುತ್ತಾಳಂತೆ. ಕೂರಲಿ.

ಜೂನ್ 11, ಮಂಗಳವಾರ

ಮೂಲೆಯಲ್ಲಿ ಬೆರಳಗಲ ಕೆರೆದು ನೋಡಿದೆ. ಸುಣ್ಣ. ಅದರ ಕೆಳಗೆ ಗಾರೆ. ಬಣ್ಣದ ಒಂದು ಚುಕ್ಕೆಯೂ ಇಲ್ಲ. ಎಂದೂ ಇರಲಿಲ್ಲ.

ಇನ್ನೊಂದು ಕಡೆ ಕೆರೆದು ಖಾತ್ರಿ ಮಾಡಿಕೊಳ್ಳಬೇಕು. ನಾಳೆ.

ಜೂನ್ 12, ಬುಧವಾರ

ಕೆರೆಯಲಿಲ್ಲ. ಬಣ್ಣ ಕಲಸಿದೆ.

ಜೂನ್ 30, ಭಾನುವಾರ

ಇಷ್ಟು ದಿನ ಇಲ್ಲಿ ಬರೆಯಲಿಲ್ಲ. ಗೋಡೆಯ ಮೇಲೆ ಬರೆದೆ. ನದಿ, ತೋಟ, ಮಂಡಿಯೂರಿದ ಜನ, ಕೊಂಬೆ ಮೇಲೊಂದು ನೀಲಿ ಹಕ್ಕಿ. ಮೂವತ್ತು ವರ್ಷ ಇನ್ನೊಬ್ಬರು ಬರೆದ ಮೂಗು, ಬೆರಳು ಸರಿಮಾಡಿದ್ದೇನೆ. ನನ್ನದು ಅನ್ನುವುದು ಒಂದಾದರೂ ಇರಲಿ ಅನಿಸಿತು. ಹಳೆಯದರಂತೆ ಕಾಣಲಿ ಎಂದು ಮಸಿ ಸವರಿದೆ. ಮೂಲೆಯಲ್ಲಿ ಕಣ್ಣನ್ನೂ ಬರೆದೆ! ನನ್ನ ಕೆಲಸಕ್ಕೆ ನಾನೇ, ಒಳ್ಳೆಯದಾಗಿದೆ ಅಂದುಕೊಂಡ ಹಾಗೆ.

ಇವತ್ತು ಆರಾಧನೆಯಲ್ಲಿ ಚೌಕದ ಪರದೆ ತೆಗೆದರು. "ಮರೆಯಾಗಿದ್ದು ಮತ್ತೆ ಸಿಕ್ಕಿದೆ, ಆ ಕಾಲದವರ ಕೈಚಳಕ ನೋಡಿ," ಅಂದರು ಫಾದರ್. ಜನ ಎದ್ದು ನಿಂತು ಹಾಡಿದರು. ಹಾಡು ದೇವರಿಗೆ, ಕಣ್ಣು ನನ್ನ ಹಕ್ಕಿಗೆ. ನಾನು ಚಪ್ಪಲಿ ನೋಡುತ್ತಾ ನಿಂತಿದ್ದೆ.

ಮಗಳು ಬಂದಿದ್ದಳು. "ಅಮ್ಮಾ, ಆ ಹಕ್ಕಿ ನೀನು ಬರ್ದಿದ್ದಲ್ವಾ? ನನ್ನ ತೊಟ್ಟಿಲ ಮೇಲಿತ್ತಲ್ಲ, ಅದೇ."

"ಏ, ಹಳೇದು ಕಣೆ. ನಾನು ಒರೆಸಿದ್ದಷ್ಟೇ."

ದೇವರ ಮನೆಯಲ್ಲಿ ನಿಂತು, ಹೆತ್ತ ಮಗಳಿಗೆ ಸುಳ್ಳು. ನನ್ನ ಮುಖವನ್ನೇ ನೋಡಿ, ಸರಿ ಅಂದಳು. ಹೊರಡುವಾಗ ದೊಡ್ಡ ಬಾಗಿಲ ಕಡೆ ಹೋಗಲಾಗಲಿಲ್ಲ. ಮೇಲೆ ಸತ್ತವರ ಆ ಸಾಲು ಇದೆಯಲ್ಲ. ಪಕ್ಕದ ಬಾಗಿಲಿಂದ ಕಳ್ಳಿಯ ಹಾಗೆ ಜಾರಿಕೊಂಡೆ.

ಜುಲೈ 2, ಮಂಗಳವಾರ

ಫಾದರ್‌ಗೆ ಹೇಳಿಬಿಟ್ಟೆ. "ಅದು ಖಾಲಿಯಾಗೇ ಇತ್ತು. ಗೊತ್ತಿದ್ದೂ ಬರ್ದೆ."

ಕನ್ನಡಕ ಒರೆಸುತ್ತಾ ಅಂದರು, "ಜನಕ್ಕೆ ಇಷ್ಟ ಆಗಿದೆ. ಇರ್ಲಿ ಬಿಡಿ. ಯಾರು ಕೇಳ್ತಾರೆ?"

ಯಾರು ಕೇಳುತ್ತಾರೆ! ಬಾಗಿಲ ಮೇಲೆ ಅಷ್ಟು ದೊಡ್ಡದಾಗಿ ಬರೆದಿದೆ, ಯಾರು ಕೇಳುತ್ತಾರೆ ಅಂತ. ನನ್ನ ಸರದಿ ಬಂದಾಗ ಕೈಯಲ್ಲಿ ಏನು ಹಿಡಿದು ನಿಲ್ಲಲಿ? ಆ ಹಕ್ಕಿಯನ್ನೇ?

ಜುಲೈ 7, ಭಾನುವಾರ

ಅಜ್ಜಿ ಮೊದಲ ಬೆಂಚಿನಲ್ಲಿ ಇರಲಿಲ್ಲ. ಹುಡುಕಿದೆ. ಹಿಂದೆ ಕಂಬದ ಮರೆಯಲ್ಲಿ ಕೂತಿದ್ದಳು.

"ಯಾಕಜ್ಜಿ ಇಲ್ಲಿ?"

"ಅಲ್ಲಿ ಕೂತ್ರೆ ಕಣ್ಣು ಹಕ್ಕಿ ಹಿಂದೇನೇ ಹೋಗುತ್ತೆ ಕಣಮ್ಮ. ಪ್ರಾರ್ಥನೆ ಆಗಲ್ಲ. ಈ ಕಂಬ ಬೆಳ್ಳಗಿದೆ, ಸಾಕು." ಆಮೇಲೆ ನನ್ನ ಕೈ ತಟ್ಟಿ, "ಚೆನ್ನಾಗೇ ಬರ್ದಿದೀರ. ಬೇಜಾರ್ ಮಾಡ್ಕೋಬೇಡಿ."

ನನಗೇ ಸಮಾಧಾನ ಹೇಳುತ್ತಾಳೆ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು.

ಸೀದಾ ಫಾದರ್ ಹತ್ತಿರ ಹೋದೆ. ಒರೆಸುತ್ತೇನೆ, ಮುಂದಿನ ಭಾನುವಾರ ಕಾರಣವನ್ನೂ ಎಲ್ಲರ ಮುಂದೆ ನಾನೇ ಹೇಳುತ್ತೇನೆ ಅಂದೆ. ಚರ್ಚಿನ ಬೀಗದಕೈ ಕೊಟ್ಟರು. ಸಂಜೆ ಮಗಳಿಗೆ ಫೋನ್ ಮಾಡಿದೆ, "ಹಕ್ಕಿ ನಂದೇ ಕಣೆ."

"ಗೊತ್ತಮ್ಮ. ನೀನು ಯಾವಾಗ ಹೇಳ್ತೀಯ ಅಂತ ಕಾಯ್ತಿದ್ದೆ."

ಜುಲೈ 8, ಸೋಮವಾರ, ಮಧ್ಯಾಹ್ನ 12

ನಾವು ಹಚ್ಚಿದ್ದು ಒರೆಸಿದರೆ ಹೋಗಬೇಕು — ಕೆಲಸ ಕಲಿಸಿದ ಮೇಷ್ಟ್ರ ಮೊದಲ ಪಾಠ. ಬುದ್ಧಿ ಕೆಟ್ಟರೂ ಕೈ ಆ ಪಾಠ ಮರೆತಿರಲಿಲ್ಲ. ನೀರಿಗೆ ಹೋಗುವ ಬಣ್ಣವನ್ನೇ ಕಲಸಿದ್ದೆ.

ಮೊದಲು ಆ ಕಣ್ಣು ಒರೆಸಿದೆ. ಆಮೇಲೆ ನದಿ, ಜನ. ಹಕ್ಕಿಯನ್ನು ಕೊನೆಗಿಟ್ಟುಕೊಂಡೆ... ಆಸೆ. ಅದೂ ಹೋಯಿತು. ಬಕೆಟ್ಟಿನಲ್ಲಿ ನೀಲಿ ನೀರು. ಕೆರೆದ ಗಾಯ ಮಾತ್ರ ಮೂಲೆಯಲ್ಲಿ ಉಳಿದಿದೆ. ಮುಚ್ಚಲಿಲ್ಲ. ನಾನು ಮಾಡಿದ್ದು ಅದು, ಕಾಣಲಿ.

ಅಜ್ಜಿ ಪೊರಕೆ ಹಿಡಿದು ಬಂದಳು. ಮೇಲೆ ನೋಡಿದಳು. ಮೊದಲ ಬೆಂಚಿನ ಧೂಳು ಒರೆಸಿ ಕೂತಳು. ಸ್ವಲ್ಪ ಸರಿದು ನನಗೂ ಜಾಗ ಮಾಡಿದಳು.

"ಕೈ ತೊಳ್ಕೊಂಡು ಬರ್ತೀನಿ ಅಜ್ಜಿ."

"ಹಾಗೇ ಬಾ."

ಇದನ್ನು ಅವಳ ಪಕ್ಕದಲ್ಲಿ ಕೂತೇ ಬರೆಯುತ್ತಿದ್ದೇನೆ. ಬರೆದಿದ್ದು ಸಾಕು ಅಂತ ಮೊಣಕೈಯಿಂದ ತಿವಿಯುತ್ತಿದ್ದಾಳೆ. ಅವತ್ತಿನ ಪೊರಕೆ ಮಾತಿಗೆ ಇನ್ನೂ ತಪ್ಪಾಯ್ತು ಅಂದಿಲ್ಲ. ಪೆನ್ನು ಮುಚ್ಚಿ ಮೊದಲು ಅದನ್ನೇ —