ಕಾಲುವೆಯ ಸೊಟ್ಟ ತಿರುವು

ಅಪ್ಪಾ,

ನೀನು ಹೋಗಿ ಮೂರು ವರ್ಷವಾದರೂ ಇದನ್ನು ಮೊದಲು ನಿನಗೇ ಹೇಳಬೇಕು ಅನ್ನಿಸಿತು.

ಕಾಲೇಜಿನ ನಕ್ಷೆ ವಿಭಾಗದಲ್ಲಿ ನಾನೀಗ ವಿದ್ಯಾರ್ಥಿ ಸಹಾಯಕಿ. ಹಳೆಯ ಸರ್ವೆ ಹಾಳೆಗಳನ್ನು ಕಂಪ್ಯೂಟರಿಗೆ ಹಾಕಿ, ಉಪಗ್ರಹದ ಚಿತ್ರದ ಮೇಲೆ ಕೂರಿಸುವುದು ನನ್ನ ಕೆಲಸ. ಇವತ್ತು ಬಂದ ಹಾಳೆಯ ಮೂಲೆಯಲ್ಲಿ ನಿನ್ನ ಸಹಿ ಇತ್ತು.

ಎಲ್ಲ ಗೆರೆಗಳೂ ಕೂತವು. ಗುಡ್ಡದ ಪಕ್ಕದ ಕಾಲುವೆಗೆ ನೀನು ಕೊಟ್ಟ ಸೊಟ್ಟ ತಿರುವು ಮಾತ್ರ ಕೂರಲಿಲ್ಲ. ಚಿತ್ರದಲ್ಲಿ ಅಲ್ಲಿ ಬರೀ ಮರ.

"ಅಳೆದವರು ತಪ್ಪಿರಬೇಕು. ನೇರ ಮಾಡ್ಲಾ ಮೇಡಂ?" ಎಂದು ವಿಭಾಗದ ಮುಖ್ಯಸ್ಥೆಯನ್ನು ಕೇಳಿದೆ. ಸಹಿ ಯಾರದೆಂದು ಹೇಳಲಿಲ್ಲ.

"ತಡಿ, ಮರ ತೆಗೆದು ನೋಡೋಣ."

ವಿಮಾನದಿಂದ ಲೇಸರ್ ಬಿಟ್ಟು ಅಳೆದ ನಕ್ಷೆಯನ್ನು ಮೇಡಂ ತೆರೆದರು. ಒಂದು ಗುಂಡಿ ಒತ್ತಿದ್ದೇ ತಡ, ಕಾಡಿಗೆ ಕಾಡೇ ಮಾಯವಾಗಿ ಬರಿನೆಲ ಕಂಡಿತು. ಅದರಲ್ಲಿ ಹೂತುಹೋದ ಕಾಲುವೆ ನೀನು ಎಳೆದಲ್ಲೇ, ನೀನು ಎಳೆದಷ್ಟೇ ತಿರುಗಿತ್ತು. ವಿಮಾನ ಈಗ ಕಂಡದ್ದನ್ನು ನೀನು ಅಳತೆಯ ಸರಪಳಿ ಎಳೆದುಕೊಂಡು, ಮುಳ್ಳು ತುಳಿದು ಕಂಡಿದ್ದೆ.

"ಯಾರಪ್ಪಾ ಇದನ್ನ ಅಳೆದಿದ್ದು?" ಎಂದರು ಮೇಡಂ.

"ನಮ್ಮಪ್ಪ."

ಅವರು ಹಾಳೆಯ ಮೂಲೆಯ ಸಹಿಯನ್ನು ಪರದೆಯ ಮೇಲೆ ದೊಡ್ಡದು ಮಾಡಿ ಓದಿದರು. "ಓದು ಮುಗಿದ ಮೇಲೆ ಈ ಕೆಲಸಕ್ಕೇ ಬಾ. ಆದ್ರೆ ಮೊದಲು ಅವರ ನಿಧಾನ ಕಲಿ."

ಆ ನಿಧಾನಕ್ಕೇ ಅಲ್ಲವೇ ಆಫೀಸಿನವರು ನಿನಗೆ 'ಅಳೆದೂ ಸುರಿದೂ' ಎಂದು ಹೆಸರಿಟ್ಟಿದ್ದು? ಗೆಳತಿಯರ ಮುಂದೆ ನಾನೂ ಒಮ್ಮೆ ಹಾಗೆ ಕರೆದಿದ್ದೆ. ನೀನು ಟೇಪು ಸುತ್ತುತ್ತಾ ನಕ್ಕುಬಿಟ್ಟೆ.

ದಾಖಲೆಯಲ್ಲಿ 'ಅಳೆದವರು' ಎಂಬಲ್ಲಿ ನಿನ್ನ ಹೆಸರು ಬರೆದೆ. ಕೆಳಗೆ 'ತಿದ್ದಿದವರು' ಎಂದಿತ್ತು. ಅದನ್ನು ಖಾಲಿ ಬಿಟ್ಟೆ ಅಪ್ಪಾ.