ಜೂನ್ ಒಂದರಂದು ಹುಟ್ಟಿದವರು

ಚಿಕ್ಕಲಸಂದ್ರ, ಬೆಂಗಳೂರು
ಜೂನ್ 2, ಸೋಮವಾರ

ಪ್ರೀತಿಯ ತಂಗಿ ಲಿಖಿತಾ,

ನಿನ್ನ ಅರೆತಲೆನೋವು ಈಗ ಹೇಗಿದೆ? ದಾವಣಗೆರೆಯ ಮಂಡಕ್ಕಿ ಮೆಣಸಿನಕಾಯಿಗೆ ನೀನು ಪೂರ್ತಿ ಸೋತಿದ್ದೀಯೆಂದು ದೊಡ್ಡಮ್ಮ ಫೋನಿನಲ್ಲಿ ಹೇಳಿದರು, ಹೊಟ್ಟೆ ಜೋಪಾನ. ನಾವಿಲ್ಲಿ ಚೆನ್ನಾಗಿಯೇ ಇದ್ದೇವೆ. ಮನೆಯ ಮುಂದೆ ರಸ್ತೆ ಅಗೆದವರ ಜೊತೆ ನಿನ್ನ ಅತ್ತಿಗೆ ಇಂಚರ ದಿನಾ ಜಗಳ ಕಾಯುತ್ತಾಳೆ, ಅವರು ದಿನಾ ಇನ್ನೊಂದು ಗುಂಡಿ ತೋಡಿ ಹೋಗುತ್ತಾರೆ. ಫೋನಿದ್ದೂ ಅಣ್ಣ ಕಾಗದ ಬರೆಯುತ್ತಿದ್ದಾನೆಂದು ನಗಬೇಡ. ನಿನ್ನ ದನಿ ಕೇಳಿದ ಕೂಡಲೇ ನನ್ನ ಬಾಯಿ ಕಟ್ಟಿಹೋಗುತ್ತದೆ.

ಕಂಪ್ಯೂಟರ್ ಕೋರ್ಸಿಗೆ ಸೇರಿದ ದಿನ ನೀನು ಕೇಳಿದ್ದೆ, "ಅಣ್ಣಾ, ಹದಿನೆಂಟು ವರ್ಷ ಆಸ್ಪತ್ರೆ ಡೇಟಾಬೇಸ್ ಕಾದಿದ್ದೀಯ, ನಂಗೂ ನಾಲ್ಕು ಮಾತು ಹೇಳ್ಕೊಡು" ಎಂದು. ಅದೇ ಆಸ್ಪತ್ರೆಗೆ ನಿನ್ನನ್ನು ನರ್ಸಾಗಿ ಸೇರಿಸಿದವನೂ ನಾನೇ. ಎರಡು ವರ್ಷದ ಹಿಂದೆ ಜರಗನಹಳ್ಳಿಯ ಮಾರಮ್ಮನಿಗೆ ಡಾಕ್ಟರು ಬರೆದ ಪೆನಿಸಿಲಿನ್ ಇಂಜೆಕ್ಷನ್ ನೀನು ಕೊಟ್ಟೆ. ಅರ್ಧ ಗಂಟೆಯಲ್ಲಿ ಆಕೆ ಹೋದಳು. ವಿಚಾರಣೆಯ ದಿನ ಆಕೆಯ ದಾಖಲೆ ತೆರೆದರೆ, ಪೆನಿಸಿಲಿನ್ ಆಗುವುದಿಲ್ಲವೆಂದು ದಪ್ಪಕ್ಷರದಲ್ಲಿ ಎಲ್ಲರಿಗೂ ಕಾಣಿಸಿತು. "ಅವತ್ತು ಅದು ಇರ್ಲಿಲ್ಲ ಸಾರ್, ನಾನು ನೋಡ್ದೆ" ಎಂದು ನೀನು ಅತ್ತೆ. ಯಾರೂ ನಂಬಲಿಲ್ಲ, ಕೆಲಸದಿಂದ ತೆಗೆದರು. ಈ ಯುಗಾದಿಗೆ ಬಂದಾಗ ಒಬ್ಬಟ್ಟು ಬೇಯಿಸುತ್ತಾ, "ನಾನು ನೋಡಿರ್ಲಿಲ್ವೇನೋ ಅಣ್ಣಾ, ತುಂಬಾ ಸುಸ್ತಾಗಿತ್ತು" ಎಂದೆಯಲ್ಲ, ನಿನ್ನ ಕಣ್ಣನ್ನೇ ನೀನು ನಂಬುತ್ತಿಲ್ಲವೆಂದು ಆಗ ತಿಳಿಯಿತು. ಆ ಮಾತು ನನ್ನನ್ನು ಬಿಡದೆ ಹಿಂಬಾಲಿಸುತ್ತಿದೆ.

ಸರಿ, ಕೇಳಿದ್ದೀಯ, ಬರೆಯುತ್ತೇನೆ. ಏನನ್ನಾದರೂ ಅಳಿಸುವ ಮುನ್ನ ಎಷ್ಟು ಸಾಲು ಹೋಗುತ್ತದೆಂದು ಎಣಿಸಿ ನೋಡು. ಅಕ್ಕಿ ಆರಿಸುವವರು ಕಲ್ಲು ನೋಡಿ ತೆಗೆಯುತ್ತಾರೆ, ಮೊರವನ್ನೇ ಕೊಡವುವುದಿಲ್ಲ. ಪರದೆಯ ಮೇಲೆ ಅಸಲಿ ಡೇಟಾಬೇಸಿನ ಕಿಟಕಿಗೆ ಒಂದು ಬಣ್ಣ, ಪ್ರಯೋಗಕ್ಕೆ ಇಟ್ಟುಕೊಂಡಿದ್ದಕ್ಕೆ ಇನ್ನೊಂದು ಬಣ್ಣ ಹಾಕಿಕೋ. ಊಟದ ಹೊತ್ತಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. "ಬ್ಯಾಕಪ್ ಇದೆ" ಎನ್ನುವವರನ್ನು ಸುಮ್ಮನೆ ನಂಬಬೇಡ, ಬೇರೆ ಸರ್ವರಿನಲ್ಲಿ ತೆರೆದು ತೋರಿಸಿ ಎನ್ನು. ನಮ್ಮಲ್ಲಿ ಒಮ್ಮೆ ಮೂರು ತಿಂಗಳು ಬರೀ ಖಾಲಿ ಫೈಲು ಬ್ಯಾಕಪ್ ಆಗುತ್ತಿತ್ತು. ಬ್ಯಾಕಪ್ ಆಯಿತೆಂದು ದಿನಾ ಮೇಲ್ ಬರುತ್ತಿತ್ತು, ನಾನು ಖುಷಿಯಾಗಿ ದೋಸೆ ತಿನ್ನಲು ಹೋಗುತ್ತಿದ್ದೆ.

ಇನ್ನು, ಒಬ್ಬರಿಗೇ ಎರಡು ದಾಖಲೆ ಇರುವ ವಿಷಯ. ಕೌಂಟರಿನಲ್ಲಿ ಒಮ್ಮೆ ಇನಿಷಿಯಲ್ ಹೆಸರಿನ ಮುಂದೆ ಬರೆಯುತ್ತಾರೆ, ಇನ್ನೊಮ್ಮೆ ಹಿಂದೆ. ಒಬ್ಬ ರೋಗಿ ಇಬ್ಬರಾಗುತ್ತಾನೆ. ಇವನ್ನೆಲ್ಲ ಸೇರಿಸಿ ಒಂದು ಮಾಡಿ ಎಂದು ಮೇಲಿನವರು ಅವಸರ ಮಾಡುತ್ತಾರೆ. ಹೆಸರು, ಊರು, ಹುಟ್ಟಿದ ದಿನ ಮೂರೂ ಒಂದೇ ಆದರೆ ಮನುಷ್ಯರೂ ಒಬ್ಬರೇ ಎಂದು ನಿನಗೆ ಪಾಠದಲ್ಲಿ ಹೇಳಿಕೊಡುತ್ತಾರೆ. ಅದನ್ನು ನಮ್ಮ ಜನರ ಮೇಲೆ ಹಾಕಬೇಡ. ನಮ್ಮ ಹಿರಿಯರಿಗೆ ಹುಟ್ಟಿದ ದಿನ ಎಲ್ಲಿ ಗೊತ್ತಿತ್ತು? ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ ಒಂದು ಎಂದು ಬರೆದುಕೊಂಡರು. ಶಾಲೆಯ ಮೆಟ್ಟಿಲು ಹತ್ತದವರಿಗೆ ಕಾರ್ಡು ಮಾಡಿಸುವ ಕಡೆಯವರು ಅದನ್ನೇ ಒತ್ತಿದರು. ಸುಗ್ಗಿಯಲ್ಲಿ ಹುಟ್ಟಿದ ನಮ್ಮ ಅಪ್ಪನೂ ಕಾಗದದಲ್ಲಿ ಜೂನ್ ಒಂದರವನೇ. ನಿನ್ನೆ ನಮ್ಮ ಆಸ್ಪತ್ರೆಯಿಂದ ನಾಲ್ಕು ಸಾವಿರ ಹಿರಿಯರಿಗೆ ಹುಟ್ಟುಹಬ್ಬದ ಶುಭಾಶಯ ಹೋಯಿತು. ಆ ಪಟ್ಟಿ ತೆರೆಯಲು ನನಗೆ ಭಯ.

ಜರಗನಹಳ್ಳಿಯಲ್ಲಿ ಇನ್ನೊಬ್ಬ ಮಾರಮ್ಮ ಇದ್ದಾರೆ, ಅದೇ ವಯಸ್ಸು, ಅದೇ ಜೂನ್ ಒಂದು. ತಿಂಗಳಿಗೊಮ್ಮೆ ಬಿಪಿ ಮಾತ್ರೆಗೆ ಬಂದು ನನ್ನ ಕೋಣೆಯ ಎದುರಿನ ಬೆಂಚಿನಲ್ಲಿ ಕೂರುತ್ತಾರೆ. "ಯಾಕಪ್ಪಾ ಹಿಂಗ್ ಸೊರಗೋಗಿದ್ದೀಯ, ಮನೇಲಿ ಊಟ ಹಾಕಲ್ವಾ?" ಎಂದು ವಿಚಾರಿಸುತ್ತಾರೆ. ಕೌಂಟರಿನವರು "ಮಾರಮ್ಮಾ" ಎಂದು ಕೂಗಿದಾಗ ಇವರು ಏಳುತ್ತಾರೆ. ಪಕ್ಕದಲ್ಲಿ ಇನ್ನೊಬ್ಬಾಕೆಯೂ ಎದ್ದಂತಾಗುತ್ತದೆ. ಬೆಳಿಗ್ಗೆ ಕಂಪ್ಯೂಟರ್ ಹಾಕಿದ ಕೂಡಲೇ ಆ ಹೆಸರು ಹುಡುಕುತ್ತೇನೆ. ಎರಡು ಸಾಲು ಬರುತ್ತವೆ. ಮುಚ್ಚಿ, ಮತ್ತೆ ಹುಡುಕುತ್ತೇನೆ. ಇಂಚರಳಿಗೆ ಇದೊಂದೂ ಗೊತ್ತಿಲ್ಲ. ಕೊನೆಯದಾಗಿ ಒಂದೇ ಮಾತು: ಕೆಲಸದಲ್ಲಿ ತಪ್ಪಾದರೆ ಸರಿಪಡಿಸುವ ಮೊದಲು ನಾಲ್ಕು ಜನರಿಗೆ ಹೇಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತಾಗಿದೆ ನನ್ನ ಬಾಳು.

ದೊಡ್ಡಪ್ಪ, ದೊಡ್ಡಮ್ಮನಿಗೆ ನಮ್ಮಿಬ್ಬರ ಶರಣು ತಿಳಿಸು. ನಿನಗೆ ಎಲ್ಲ ಒಳ್ಳೆಯದಾಗಲಿ, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಣ್ಣ,
ಶಿವಕಿರಣ್

ತಾ.ಕ.: ಅಂಚೆಪೆಟ್ಟಿಗೆಯ ತನಕ ಹೋಗಿ ವಾಪಸ್ ಬಂದು ಲಕೋಟೆ ಒಡೆದೆ. ಆಕೆ ಸಾಯುವುದಕ್ಕೆ ಎರಡು ದಿನ ಮುಂಚೆ, ಶನಿವಾರ ಮಧ್ಯಾಹ್ನ, ಇಬ್ಬರು ಮಾರಮ್ಮಂದಿರನ್ನೂ ಒಬ್ಬರೆಂದು ಸೇರಿಸಿದವನು ನಾನು. ಹಳೆಯದಾಗಿದ್ದ ಆಕೆಯ ದಾಖಲೆ ಅಳಿಯಿತು, ಅದರ ಜೊತೆ ಪೆನಿಸಿಲಿನ್ ವಿಷಯವೂ ಹೋಯಿತು. ಸೋಮವಾರ ನೀನು ನೋಡಿದಾಗ ಅಲ್ಲಿ ನಿಜವಾಗಿಯೂ ಏನೂ ಇರಲಿಲ್ಲ ಲಿಖಿತಾ. ಆಕೆ ಹೋದ ಸುದ್ದಿ ಕೇಳಿ, ಇನ್ನೊಬ್ಬರಿಗೆ ಹೀಗಾಗದಿರಲೆಂದು, ಶುಕ್ರವಾರದ ಬ್ಯಾಕಪ್ಪಿನಿಂದ ಅದನ್ನು ವಾಪಸ್ ತಂದಿಟ್ಟೆ. ಬುಧವಾರ ವಿಚಾರಣೆಯವರು ಓದಿದ್ದು ಅದನ್ನು. ನೀನು ಅಳುವಾಗ ಅದೇ ಕೋಣೆಯಲ್ಲಿ ಪ್ರೊಜೆಕ್ಟರ್ ಪಕ್ಕ ನಿಂತಿದ್ದೆ, ಬಾಯಿ ಬಿಡಲಿಲ್ಲ. ನಾನು ಯಾವ ದಿನ, ಎಷ್ಟು ಗಂಟೆಗೆ ಏನು ಮಾಡಿದೆನೆಂದು ಸರ್ವರಿನಲ್ಲಿ ದಾಖಲಾಗಿರುವುದನ್ನೆಲ್ಲ ಪ್ರಿಂಟ್ ತೆಗೆದು ಇದರೊಳಗೆ ಇಟ್ಟಿದ್ದೇನೆ, ಪ್ರತಿ ಹಾಳೆಗೂ ಸಹಿ ಹಾಕಿದ್ದೇನೆ. ನಾನೇ ಕೊಡುತ್ತೇನೆಂದು ಎರಡು ವರ್ಷದಿಂದ ಹೊರಟು ಹೊರಟು ಹಿಂದೆ ಬಂದಿದ್ದೇನೆ, ನನ್ನ ಮೇಲೆ ನನಗೆ ನಂಬಿಕೆಯಿಲ್ಲ. ಆಸ್ಪತ್ರೆಗೋ, ಪೊಲೀಸರಿಗೋ, ಮಾರಮ್ಮನ ಮಗಳಿಗೋ, ಯಾರಿಗೆ ಕೊಡಬೇಕೋ ನೀನೇ ಕೊಡು. ಅಣ್ಣ ಅಂತ ನೋಡಬೇಡ.